ಕಾಫಿ ಕಣದ ಮೂಲೆಯ ಕಾರು

ನೀವು ನೆಟ್ಟಗೆ ನಿಂತಾಗ ಯಾವ ಕಾಲಿನ ಮೇಲೆ ಹೆಚ್ಚು ಭಾರ ಬೀಳುತ್ತದೆ, ಎಡಗಾಲೋ ಬಲಗಾಲೋ? ಗೊತ್ತಿಲ್ಲ ತಾನೆ? ಇಷ್ಟು ವರ್ಷ ಆ ಕಾಲುಗಳನ್ನೇ ನಂಬಿಕೊಂಡು ಓಡಾಡಿದ್ದೀರಿ, ಒಂದು ದಿನವಾದರೂ ವಿಚಾರಿಸಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಪ್ಪಾಜಿಯೂ ವಿಚಾರಿಸಿರಲಿಲ್ಲ, ಅದೂ ರೇಸಿಗೆ ಬಿಡುವ ಕಾರಿನ ವಿಷಯದಲ್ಲಿ. ಈಗ ನನ್ನ ಮೊಮ್ಮಗಳು ಸಿಂಚನ ಆಲೂರಿನ ನಮ್ಮ ಶೆಡ್ಡಿನಲ್ಲಿ ತನ್ನ ರ‍್ಯಾಲಿ ಕಾರಿನ ಒಂದೊಂದು ಚಕ್ರದ ಕೆಳಗೂ ಒಂದೊಂದು ತೆಳ್ಳನೆಯ ತೂಕದ ಹಲಗೆ ತಳ್ಳಿ, ಯಾವ ಕಾಲಿಗೆ ಎಷ್ಟು ಭಾರ ಅಂತ ಫೋನಿನಲ್ಲೇ ಓದುತ್ತಾಳೆ. ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳೂ ಅವಳೇ. ಮೊನ್ನೆ ಅವಳು ಕಾರಿನ ಕೆಳಗೆ ಬಗ್ಗಿ ಏನೋ ತಿರುಪುತ್ತಿದ್ದಾಗ, ಇನ್ನೂ ಚಕ್ರದ ಕೆಳಗೆ ಸೇರದೆ ಖಾಲಿ ಇದ್ದ ಒಂದು ಹಲಗೆಯ ಮೇಲೆ ನಾನು ಮೆಲ್ಲಗೆ ಹತ್ತಿ ನಿಂತೆ.

"ಅಜ್ಜೀ! ಇಳಿ ಮೊದ್ಲು. ಲೆಕ್ಕ ಎಲ್ಲ ಕೆಟ್ಟೋಯ್ತು."

"ನಾನೆಷ್ಟು ಬಂದೆ ಹೇಳು, ಇಳೀತೀನಿ."

"ಎಂಜಿನ್ನಿಗಿಂತ ಸ್ವಲ್ಪ ಕಮ್ಮಿ."

ಇಳಿದೆ. ಆದರೆ ಮನಸ್ಸು ಆಗಲೇ ಹೆತ್ತೂರಿನ ಕಡೆಯ ನಮ್ಮ ಹಳೆಯ ಮನೆಗೆ ಹೋಗಿಬಿಟ್ಟಿತ್ತು. ಆ ಮನೆಯನ್ನು ಕಾಫಿ ಮತ್ತು ಕಾರು ಹಂಚಿಕೊಂಡಿದ್ದವು; ಮಿಕ್ಕ ಜಾಗದಲ್ಲಿ ನಾವು ಬದುಕುತ್ತಿದ್ದೆವು. ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿಗಳ ಪಕ್ಕ ಬಿಡಿ ಸ್ಪ್ರಿಂಗ್ ಪಟ್ಟಿಗಳು, ಬಚ್ಚಲ ಹಂಡೆಯ ಮಗ್ಗುಲಿಗೆ ಗ್ರೀಸಿನ ಡಬ್ಬ, ನನ್ನ ಮಂಚದ ಕೆಳಗೊಂದು ಸ್ಟೇರಿಂಗ್ ಚಕ್ರ. ದೇವರ ಕೋಣೆಗೂ ಸ್ಟೋರಿಗೂ ಮಾತ್ರ ಕಾರಿನ ಸಾಮಾನು ಬರುವಂತಿರಲಿಲ್ಲ. ಅಪ್ಪಾಜಿ ಬೂದಿ, ಸೀಗೆಪುಡಿ ಎರಡೂ ಹಾಕಿ ಕೈ ಉಜ್ಜಿ, ಅವ್ವನ ಮೂಗಿನ ಮುಂದೆ ಹಿಡಿದು ಪಾಸಾದ ಮೇಲೆಯೇ ಲಿಂಗಪೂಜೆಗೆ ಕೂರಬೇಕಿತ್ತು. ಸ್ಟೋರ್ ಅಂದರೆ ಮನೆಗೆ ಅಂಟಿಕೊಂಡೇ ಇದ್ದ, ಒಣಗಿದ ಕಾಫಿಯ ಮೂಟೆ ಜೋಡಿಸಿಡುವ ದೊಡ್ಡ ಕೋಣೆ. ಅಲ್ಲಿ ಅವ್ವನ ಕಾನೂನು ಇನ್ನೂ ಬಿಗಿ.

"ಪೆಟ್ರೋಲ್ ವಾಸ್ನೆ ಕಾಪಿಗೆ ಹತ್ತಿದ್ರೆ ಯಾವ ಯಾಪಾರಿ ಮೂಸ್ತಾನ್ರೀ? ಒಂದು ನಟ್ಟು ಈ ಬಾಗ್ಲು ದಾಟಿದ್ರೂ ಅದ್ರ ಜೊತೆಗೆ ನಿಮ್ಮನ್ನೂ ಹೊರಗೆ ಹಾಕ್ತೀನಿ."

ಅದನ್ನು ಕಾರು ಅನ್ನುತ್ತಿದ್ದವರು ನಾವು ಮಾತ್ರ. ಹಳೆಯ ಜೀಪೊಂದರ ಚಾಸಿ ಅದು: ಎರಡು ಉದ್ದನೆಯ ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು, ನೆಲದ ಮೇಲೆ ಮಲಗಿಸಿದ ಏಣಿಯ ಹಾಗೆ. ಅದರ ಮೇಲೆ ಯಾವುದೋ ಮುದಿ ಕಾರಿನ ಎಂಜಿನ್ನು, ಒಂದೇ ಒಂದು ಸೀಟು. ಬಾಗಿಲಿಲ್ಲ, ಬಾನೆಟ್ಟಿಲ್ಲ, ಟಾಪಿಲ್ಲ. ಭಾರ ಇಳಿಯಲಿ ಅಂತ ಅಪ್ಪಾಜಿ ಅಡ್ಡಪಟ್ಟಿಗಳಿಗೆಲ್ಲ ಸಾಲಾಗಿ ತೂತು ಕೊರೆದಿದ್ದರು. "ಇದ್ರಾಗೆ ಬೂಂದಿ ಕರೀಬೋದು" ಅಂದಿದ್ದಳು ಅವ್ವ. ಎಂಜಿನ್ನನ್ನು ಆದಷ್ಟು ಹಿಂದಕ್ಕೆ, ಆದಷ್ಟು ಕೆಳಕ್ಕೆ ಕೂರಿಸಿದ್ದರು. ಯಾಕೆ ಅನ್ನುವುದನ್ನು ಊಟದ ಹೊತ್ತಿನಲ್ಲಿ ತಟ್ಟೆ ಓರೆ ಮಾಡಿ ತೋರಿಸುತ್ತಿದ್ದರು: ಸಾರು ಹೇಗೆ ಒಂದು ಬದಿಗೆ ಓಡುತ್ತದೋ ಹಾಗೇ ತಿರುವಿನಲ್ಲಿ ಕಾರಿನ ಭಾರ ಹೊರಬದಿಯ ಚಕ್ರಗಳ ಮೇಲೆ ಓಡುತ್ತದೆ, ಭಾರ ಎಷ್ಟು ತಗ್ಗಿನಲ್ಲಿದ್ದರೆ ಅಷ್ಟು ಕಡಿಮೆ ಓಡುತ್ತದೆ. ಚೆಲ್ಲಿದ ಸಾರನ್ನು ಒರೆಸುತ್ತಿದ್ದವಳು ನಾನಾದ್ದರಿಂದ ಆ ಪಾಠ ನನಗೆ ಇವತ್ತಿಗೂ ಮರೆತಿಲ್ಲ.

ಕಾರು ನಿಲ್ಲುತ್ತಿದ್ದದ್ದು ಕಣದ ಮೂಲೆಯಲ್ಲಿ. ನಮ್ಮ ಗುಡ್ಡದ ಮೇಲೆ ದಾರಿ, ಕೊಟ್ಟಿಗೆ, ಹಿತ್ತಲು ಎಲ್ಲವೂ ಇಳಿಜಾರು. ಕಾಫಿ ಒಣಹಾಕುವ ಗಾರೆ ಕಣವೊಂದೇ ಸಮತಟ್ಟು ಅಂತ ಎಲ್ಲರ ನಂಬಿಕೆ. ಕುಯ್ಲಿನ ಕಾಲದಲ್ಲಿ ಅದರ ಒಂದೊಂದು ಮೊಳವೂ ಅವ್ವನದು. ಅಪ್ಪಾಜಿ ಬೇಡಿ ಬೇಡಿ ಪಡೆದದ್ದು ಮೋರಿಯ ಪಕ್ಕದ ಮೂಲೆ. ಅಲ್ಲಿ ಹಾಕಿದ ಕಾಫಿ ಸರಿಯಾಗಿ ಒಣಗುವುದಿಲ್ಲ, ಬೇಕಾದರೆ ಇಟ್ಟುಕೊಳ್ಳಿ ಅಂತ ಅವ್ವ ದಾನ ಮಾಡಿದ್ದಳು. ಕಾರು ಯಾವಾಗಲೂ ಗೇಟಿನ ಕಡೆ ಮುಖ ಮಾಡಿ, ಹಿಂದಿನ ಬಲ ಚಕ್ರ ಮೋರಿಯ ಮಗ್ಗುಲಿಗೆ ಬರುವಂತೆ ನಿಲ್ಲುತ್ತಿತ್ತು. ಅದು ಇಲ್ಲದ ದಿನ ತೋಟದ ಆಳುಗಳ ಲೈನ್ ಮನೆಗಳ ಹುಡುಗರೂ ನಾನೂ ಅಲ್ಲಿ ಗೋಲಿ ಆಡುತ್ತಿದ್ದೆವು. ಗೆಲ್ಲುತ್ತಿದ್ದವಳು ನಾನೇ. ಎಲ್ಲಿ ನಿಂತುಕೊಳ್ಳಬೇಕು ಅಂತ ನನಗೆ ಗೊತ್ತಿತ್ತು.

ಬೇರೆ ಗಂಡಸರ ಜೇಬಿನಲ್ಲಿ ಪೆನ್ನು ಇದ್ದರೆ ಅಪ್ಪಾಜಿಯ ಜೇಬಿನಲ್ಲಿ ರಸಮಟ್ಟ. ಗಾರೆ ಕೆಲಸದವರು ಗೋಡೆಗೆ ಹಿಡಿದು ನೋಡುವ, ಗಾಜಿನೊಳಗೆ ಗುಳ್ಳೆ ಓಡಾಡುವ ಪುಟ್ಟ ಪಟ್ಟಿ ಅದು. ಗೋಡೆಯ ಪಟ, ನನ್ನ ಮಂಚ, ಊಟದ ಮಣೆ, ಎಲ್ಲದರ ಮೇಲೂ ಅದನ್ನು ಇಟ್ಟು ನೋಡಿದ್ದರು. ಬಿಟ್ಟದ್ದು ಅವ್ವನ ಹಣೆಯ ವಿಭೂತಿ ಒಂದನ್ನೇ, ಅದೂ ಹೆದರಿಕೆಯಿಂದ. ಕಾರಿನ ಚಾಸಿಯ ಮೇಲೆ ಇಟ್ಟಾಗ, ಹಿಂದಿನ ಬಲ ಮೂಲೆ ತಗ್ಗು ಅಂತ ಗುಳ್ಳೆ ಹೇಳಿತು. ಆ ಚಕ್ರದ ಸ್ಪ್ರಿಂಗ್ ಸೋತಿದೆ ಅಂದುಕೊಂಡು ಅಪ್ಪಾಜಿ ಅಲ್ಲಿಗೆ ಒಂದು ಸ್ಪ್ರಿಂಗ್ ಪಟ್ಟಿ ಹೆಚ್ಚು ಸೇರಿಸಿ ಆ ಮೂಲೆಯನ್ನು ಎತ್ತಿದರು. ಗುಳ್ಳೆ ನಡುವಿಗೆ ಬಂತು. ಅದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಿರಲಿಲ್ಲ.

ಕಾರು ಓಡಿಸುತ್ತಿದ್ದವನು ಚಂದ್ರು ಚಿಕ್ಕಪ್ಪ, ಅಪ್ಪಾಜಿಯ ತಮ್ಮ. ಅವ್ವ ಮದುವೆಯಾಗಿ ಮಗ್ಗೆಯಿಂದ ಈ ಮನೆಗೆ ಬಂದಾಗ ಅವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ, ತಾಯಿ ಇರಲಿಲ್ಲ. ನಾನು ಹುಟ್ಟುವುದಕ್ಕೆ ಮೊದಲೇ ಅವ್ವನ ಸೆರಗು ಹಿಡಿದು ತಿರುಗಿದ ಮಗು ಅವನು. ನಾನು ಹೇಳಹೊರಟ ವರ್ಷಕ್ಕೆ ಹಿಂದಿನ ವರ್ಷದ ಗುಡ್ಡ ಹತ್ತುವ ರೇಸಿನಲ್ಲಿ, ನಮ್ಮ ಮನೆಯ ಎದುರು ಗುಡ್ಡದ ಎಡ ತಿರುವಿನಲ್ಲಿ, ಕಾರಿನ ಹಿಂಭಾಗ ಜಾರಿ ಗಿರಕಿ ಹೊಡೆದು ತೋಟಕ್ಕೆ ನುಗ್ಗಿತ್ತು. ಒಂದು ಸಿಲ್ವರ್ ಮರ ಅಡ್ಡ ನಿಂತು ತಡೆಯಿತು. ಮರದಾಚೆ ಇದ್ದದ್ದು ಹಳ್ಳದ ಕಮರಿ. ಭುಜದ ಮೂಳೆ ಮುರಿದುಕೊಂಡ ಚಿಕ್ಕಪ್ಪ ಸಕಲೇಶಪುರದ ಆಸ್ಪತ್ರೆಯಿಂದ ಕತ್ತಿಗೆ ಕೈ ಕಟ್ಟಿಕೊಂಡು ಮನೆಗೆ ಬಂದ. ಅಪ್ಪಾಜಿ ಕಾರನ್ನು ಎಳೆದು ತಂದು ಅದೇ ಮೂಲೆಯಲ್ಲಿ ನಿಲ್ಲಿಸಿ, ಬಗ್ಗಿದ್ದನ್ನೆಲ್ಲ ನೆಟ್ಟಗೆ ಮಾಡಿ, ರಸಮಟ್ಟ ಇಟ್ಟರು. ಗುಳ್ಳೆ ನಡುವಿನಲ್ಲೇ ಇತ್ತು. ತಪ್ಪು ಕಾರಿನದಲ್ಲ ಅಂತ ಅವತ್ತೇ ತೀರ್ಮಾನವಾಯಿತು. ಅವತ್ತಿನಿಂದ ಅಣ್ಣ ತಮ್ಮ ಮಾತು ಬಿಟ್ಟರು.

ಮಾತು ಬಿಟ್ಟರೂ ಊಟಕ್ಕೆ ಒಂದೇ ಸಾಲು. ಇಬ್ಬರ ಮಣೆಗಳ ನಡುವೆ ನನ್ನ ಮಣೆ ಬಂತು. ಮುಂದಿನ ರೇಸು ಹತ್ತಿರವಾದಂತೆ ನನ್ನ ಕೆಲಸವೂ ಜಾಸ್ತಿಯಾಯಿತು.

"ಗಿರಿಜಾ, ನಿಮ್ಮಪ್ಪಾಜಿಗೆ ಹೇಳು. ಬಲ ತಿರುವಲ್ಲಿ ಗಾಡಿ ಮೂಗೇ ತಿರುಗ್ಸಲ್ಲ, ಎಡ ತಿರುವಲ್ಲಿ ಬಾಲ ಬೀಸ್ತದೆ. ಒಂದೇ ಗಾಡಿ ಎರಡು ಥರ ಹೆಂಗಾಡ್ತದೆ ಅಂತ ಕೇಳು."

"ಗಿರಿಜಾ, ನಿನ್ನ ಚಿಕ್ಕಪ್ಪಂಗೆ ಹೇಳು. ರಸಮಟ್ಟ ಸುಳ್ಳು ಹೇಳಲ್ಲ. ಎಡಕ್ಕೆ ತಿರುಗ್ಸುವಾಗ ಎದೆ ನಡುಗಿದ್ರೆ ಅದಕ್ಕೆ ನಾನ್ಯಾವ ಸ್ಪ್ರಿಂಗ್ ಹಾಕ್ಲಿ?"

ಒಬ್ಬರ ಮಾತು ಇನ್ನೊಬ್ಬರಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ತಲುಪಿಸಲೇಬೇಕು, ಅದು ಪದ್ಧತಿ. ತಲುಪಿಸುವಾಗ ಸ್ವಲ್ಪ ಒಗ್ಗರಣೆ ಹಾಕುತ್ತಿದ್ದೆ.

"ಚಿಕ್ಕಪ್ಪ, ನಿನ್ನ ಎದೇಗೇ ಸ್ಪ್ರಿಂಗ್ ಹಾಕ್ಸ್ಬೇಕಂತೆ."

ಬೇರೆ ವರ್ಷವಾಗಿದ್ದರೆ ಚಿಕ್ಕಪ್ಪ ನಗುತ್ತಿದ್ದ. ಆ ವರ್ಷ ನಗಲಿಲ್ಲ. ಅಕ್ಕಿ ರೊಟ್ಟಿಯನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ಬಿಟ್ಟ. ಆ ಬೆಳಿಗ್ಗೆ ಅವನು ಅಂಗಿ ಹಾಕಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಗೋಡೆಗೆ ಬೆರಳು ಊರಿ, ಒಂದೊಂದೇ ಗೇಣು ಹತ್ತಿಸಿ ತೋಳಿಗೆ ತೂರಿಸುತ್ತಿದ್ದ. ಅವ್ವ ಎಣಗಾಯಿ ಬಡಿಸುತ್ತಾ ಅವನ ಮುಂದೆ ನಿಂತಳು.

"ಹೋಗ್ಬೇಡ ಅಂದ್ರೆ ನೀನು ಕೇಳಲ್ಲ."

"ಹೆಂಗೆ ಬಿಡ್ಲಿ ಅತ್ಗೆ? ಬಿಟ್ರೆ ಅಣ್ಣಯ್ಯ ಹೇಳಿದ್ದೇ ನಿಜ ಆಗ್ಬುಡ್ತದೆ."

"ಆ ಮರಾನೂ ಈಗಿಲ್ಲ ಕಣೋ, ಚಂದ್ರು. ಕಡ್ದಾಕವ್ರೆ."

ಅಪ್ಪಾಜಿ ಅವತ್ತು ತಟ್ಟೆ ಓರೆ ಮಾಡಲಿಲ್ಲ. ಮಜ್ಜಿಗೆ ಸುರಿದುಕೊಂಡು ಊಟ ಮುಗಿಸಿದರು.

ವರ್ಷವಿಡೀ ಕಾರಿನ ಹತ್ತಿರ ಸುಳಿಯದ ಅವ್ವ ರೇಸಿನ ಹಿಂದಿನ ದಿನ ಬೆಳಿಗ್ಗೆ ಮಾತ್ರ ಪೂಜೆಯ ತಟ್ಟೆ ಹಿಡಿದು ಬರುತ್ತಿದ್ದಳು. ಬಾನೆಟ್ಟಿಲ್ಲದ ಕಾರಿಗೆ ವಿಭೂತಿ ಎಲ್ಲಿ ಹಚ್ಚುವುದು? ಸ್ಟೇರಿಂಗಿಗೆ ಹಚ್ಚಿದಳು. ಸೀಟಿನಲ್ಲಿ ಕೂತಿದ್ದ ಚಿಕ್ಕಪ್ಪನ ಹಣೆಗೂ ಹಚ್ಚಿದಳು. ಬೆರಳು ಎಷ್ಟು ಒತ್ತಿದಳೆಂದರೆ ಅವನ ತಲೆ ಹಿಂದಕ್ಕೆ ವಾಲಿತು. ನಾಲ್ಕು ಚಕ್ರಗಳ ಮುಂದೆ ನಿಂಬೆಹಣ್ಣು ಇಡುವುದು ನನ್ನ ಪಾಲಿನ ಕೆಲಸ. ಮುಂದಿನ ಎರಡಕ್ಕೆ ಇಟ್ಟೆ, ಹಿಂದಿನ ಎಡಕ್ಕೆ ಇಟ್ಟೆ, ಕೂತವು. ಹಿಂದಿನ ಬಲ ಚಕ್ರದ ಮುಂದೆ ಇಟ್ಟದ್ದು ಮಾತ್ರ ಒಂದು ಗಳಿಗೆ ಯೋಚಿಸಿ, ಮೆಲ್ಲಗೆ ಪಕ್ಕಕ್ಕೆ ಸರಿದು, ಮೋರಿಗೆ ಉರುಳಿಕೊಂಡು ಹೋಯಿತು.

"ಇನ್ನೊಂದ್ಸಲ ಇಡು," ಅಂದ ಚಿಕ್ಕಪ್ಪ.

ಇಟ್ಟೆ. ಮತ್ತೆ ಹೋಯಿತು. ಅವನೇ ಇಳಿದು ಬಂದು, ಮಂಡಿಯೂರಿ, ಬೆರಳಿನಿಂದ ಹಿಡಿದು ಇಟ್ಟ. ಹಿಡಿದಿರುವಷ್ಟು ಹೊತ್ತು ನಿಂತಿತು. ಬಿಟ್ಟ ಕೂಡಲೇ ಹೋಯಿತು. ಅವನು ಎದ್ದು ಅವ್ವನ ಕಡೆ ತಿರುಗಿದ.

"ಅತ್ಗೆ, ಇದು ಒಪ್ತಿಲ್ಲ."

ಅವ್ವ ತಟ್ಟೆಯನ್ನು ನೆಲಕ್ಕಿಟ್ಟು ಅವನ ಎರಡೂ ಕೆನ್ನೆ ಹಿಡಿದುಕೊಂಡಳು.

"ಶಕುನಾನೂ ಇಲ್ಲ, ಗಿಕುನಾನೂ ಇಲ್ಲ, ಹುಚ್ಚಪ್ಪ. ಈ ಕಣದಾಗೆ ನೀರು ನಿಂತು ಕಾಪಿ ಮುಗ್ಗಲು ಹಿಡೀತಿತ್ತು. ಅದಕ್ಕೇ ಗಾರೆಯವ್ನ ಕರ್ಸಿ ಈ ಮೂಲೆ ನಾನೇ ತಗ್ಗು ಮಾಡ್ಸಿದ್ದು. ಇಲ್ಲಿ ಏನಿಟ್ರೂ ಮೋರಿಗೇ ಹೋಯ್ತದೆ."

ತೆಂಗಿನಕಾಯಿ ಒಡೆಯಲು ಎತ್ತಿದ್ದ ಅಪ್ಪಾಜಿಯ ಕೈ ಅಲ್ಲೇ ನಿಂತಿತು.

"ಏನಂದೆ?"

"ಮೂಲೆ ತಗ್ಗೈತೆ ಅಂದೆ."

"ಯಾವಾಗ ಮಾಡ್ಸಿದ್ದೆ?"

"ಈ ಎಂಜಿನ್ನು ಹುಡುಕ್ಕೊಂಡು ವಾರಗಟ್ಲೆ ಊರೂರು ಅಲೀತಿದ್ರಲ್ಲ, ಆವಾಗ. ಬಂದೋರು ಎಂಜಿನ್ನು ನೋಡಿದ್ರಿ, ನೆಲ ನೋಡ್ಲಿಲ್ಲ."

ಅಪ್ಪಾಜಿ ಕಾಯಿಯನ್ನು ನನ್ನ ಕೈಗೆ ಕೊಟ್ಟು, ರಸಮಟ್ಟ ತೆಗೆದು, ಚಕ್ರದ ಪಕ್ಕದ ನೆಲದ ಮೇಲೆ ಇಟ್ಟರು. ಗುಳ್ಳೆ ಒಂದು ತುದಿಗೆ ಓಡಿ ಅಲ್ಲೇ ಅಂಟಿಕೊಂಡಿತು. ಚಾಸಿಯ ಮೇಲೆ ಲೆಕ್ಕವಿಲ್ಲದಷ್ಟು ಸಲ ಇಟ್ಟವರು ನೆಲದ ಮೇಲೆ ಒಮ್ಮೆಯೂ ಇಟ್ಟಿರಲಿಲ್ಲ. ಗುಡ್ಡದಲ್ಲಿ ಹುಟ್ಟಿ ಬೆಳೆದವರು ಬೇರೆ ಏನನ್ನು ಬೇಕಾದರೂ ಅನುಮಾನಿಸುತ್ತಾರೆ, ಕಣವನ್ನಲ್ಲ. ಒಂದು ಕಾಲು ಉದ್ದವಾದ ಸ್ಟೂಲಿನ ಮೇಲೆ ನೀವು ಕೂತಿದ್ದೀರಾ? ಭಾರವೆಲ್ಲ ಆ ಉದ್ದ ಕಾಲು ಮತ್ತು ಅದರ ಎದುರು ಮೂಲೆಯ ಕಾಲಿನ ಮೇಲೆ ಬೀಳುತ್ತದೆ. ಉಳಿದೆರಡು ಸುಮ್ಮನೆ ನೆಲ ಮುಟ್ಟಿಕೊಂಡಿರುತ್ತವೆ. ತಗ್ಗಿನಲ್ಲಿ ನಿಂತಿದ್ದ ಕಾಲಿಗೆ ಪಟ್ಟಿ ಸೇರಿಸಿ ಅಪ್ಪಾಜಿ ಉದ್ದ ಮಾಡಿದ್ದರು. ಸಮವಾದ ರಸ್ತೆಗೆ ಇಳಿದ ಕೂಡಲೇ ನಮ್ಮ ಕಾರು ಅಂಥ ಸ್ಟೂಲಾಗುತ್ತಿತ್ತು. ಎಡ ತಿರುವಿನಲ್ಲಿ ಭಾರ ಬಲಕ್ಕೆ ಓಡಿದಾಗ, ಮೊದಲೇ ಹೆಚ್ಚು ಹೊತ್ತಿದ್ದ ಹಿಂದಿನ ಬಲ ಚಕ್ರ ನೆಲದ ಹಿಡಿತ ಬಿಡುತ್ತಿತ್ತು. ಚಿಕ್ಕಪ್ಪ ಒಂದು ವರ್ಷದಿಂದ ನನ್ನ ಮೂಲಕ ಹೇಳಿ ಕಳಿಸಿದ್ದು ಅದನ್ನೇ.

"ಈ ಮನೇಲಿ ಸಮ ಇರೋ ನೆಲ ಎಲ್ಲೈತೆ?" ಅಂತ ಅಪ್ಪಾಜಿ ಯಾರನ್ನೂ ನೋಡದೆ ಕೇಳಿದರು. ಎಲ್ಲರ ಕಣ್ಣೂ ಸ್ಟೋರಿನ ಬಾಗಿಲಿಗೆ ಹೋಗಿ, ಹೆದರಿ ವಾಪಸು ಬಂದವು. ಕೊನೆಗೆ ಹೇಳಿದವಳು ಅವ್ವನೇ.

"ಸ್ಟೋರಿಂದು ನಮ್ಮ ಮಾವನೋರು ನೀರು ಕಟ್ಟಿ ನೋಡಿ ಹಾಕ್ಸಿದ ನೆಲ. ಮೂಟೆ ಎಲ್ಲ ನಡುಮನೆಗೆ ಹಾಕ್ಸಿ."

"ಆಮೇಲೆ ವಾಸ್ನೆ ಅಂತ ನೀನು…"

"ವಾಸ್ನೆ ಹೋಗೋ ತಂಕ ಮೂಟೆ ಮನೆ ಒಳಗೇ ಇರ್ಲಿ. ಹುಡುಗನ್ಗಿಂತ ಕಾಪಿ ಹೆಚ್ಚೇನ್ರೀ?"

ಮಧ್ಯಾಹ್ನದ ಹೊತ್ತಿಗೆ ನಮ್ಮ ನಡುಮನೆ ಮೂಟೆಗಳ ಗುಡ್ಡವಾಗಿ, ದೇವರ ಕೋಣೆಗೆ ಹೋಗಲು ಅಡ್ಡಡ್ಡ ನಡೆಯಬೇಕಾಯಿತು. ಖಾಲಿಯಾದ ಸ್ಟೋರಿಗೆ ಕಾರಿಗಿಂತ ಮೊದಲು ಹೋದದ್ದು ಆ ನಿಂಬೆಹಣ್ಣು. ಅವ್ವ ಅದನ್ನು ನಡುವೆ ಇಟ್ಟು ಕೈ ಬಿಟ್ಟಳು. ಬಗ್ಗಿ ನೋಡಿದೆವು. ಕದಲಲಿಲ್ಲ. ಮೂಲೆಗಳಲ್ಲಿ ಇಟ್ಟಳು; ಅಲ್ಲೂ ಸಾಧುವಾಗಿ ಕೂತಿತು. ಆಮೇಲೆ ಕಾರನ್ನು ತಳ್ಳಿ ತಂದರು. ಕಣದಲ್ಲಿ ಅಷ್ಟು ಸಭ್ಯವಾಗಿ ನಿಲ್ಲುತ್ತಿದ್ದ ಕಾರು ಇಲ್ಲಿ ಹಿಂದಿನ ಬಲ ಮೂಲೆಯನ್ನು ಎತ್ತಿಕೊಂಡು, ಸೊಂಟ ಓರೆ ಮಾಡಿ ನಿಂತಿತ್ತು. ರಸಮಟ್ಟ ಬೇಕಾಗಿರಲಿಲ್ಲ, ಬರಿಗಣ್ಣಿಗೇ ಕಾಣುತ್ತಿತ್ತು. ಚಿಕ್ಕಪ್ಪ ಅದನ್ನು ನೋಡಿದ, ಅಪ್ಪಾಜಿಯನ್ನು ನೋಡಿದ. ಈಗ ಅವನೇನಾದರೂ ಒಂದು ಕೆಟ್ಟ ಮಾತಾಡಿದರೆ ಈ ಮನೆ ಎರಡಾಗುತ್ತದೆ ಅಂತ ನನಗೂ ಗೊತ್ತಾಯಿತು. ಅವನು ಮೂಲೆಯಲ್ಲಿದ್ದ ಮೂಟೆ ತೂಗುವ, ನೆಲದ ಮೇಲೆ ಕೂರುವ ಹಲಗೆ ತಕ್ಕಡಿಯ ಕಡೆ ಕೈ ತೋರಿಸಿದ.

"ಅಣ್ಣಯ್ಯ, ಒಂದೊಂದೇ ಚಕ್ರ ಅದ್ರ ಮೇಲೆ ಹತ್ಸಿ ತೂಗ್ನೋಡಾಣ."

ಅಭ್ಯಾಸದಂತೆ ನಾನು ಶುರು ಮಾಡಿದೆ. "ಅಪ್ಪಾಜಿ, ಚಿಕ್ಕಪ್ಪ ಏನ್ ಹೇಳ್ತಾನೆ ಅಂದ್ರೆ…"

"ನಂಗೂ ಕಿವಿ ಅವೆ, ಸುಮ್ನಿರೇ," ಅಂದರು ಅಪ್ಪಾಜಿ. "ಚಂದ್ರು, ಮಿಕ್ಕ ಮೂರು ಚಕ್ರಕ್ಕೂ ಅಷ್ಟೇ ಎತ್ರಕ್ಕೆ ಹಲಗೆ ಕೊಡ್ಬೇಕು. ತಗೊಂಬಾ."

ಹೀಗೆ ನನ್ನ ನೌಕರಿ ಹೋಯಿತು. ಚಿಕ್ಕಪ್ಪನನ್ನು ಸೀಟಿನಲ್ಲಿ ಕೂರಿಸಿಯೇ ತೂಗಿದರು, ಓಡುವಾಗ ಅವನ ಭಾರವೂ ಸೇರುತ್ತದಲ್ಲ. ಹಿಂದಿನ ಬಲ ಕಾಲೂ ಮುಂದಿನ ಎಡ ಕಾಲೂ ತಮ್ಮ ಪಾಲಿಗಿಂತ ಬಹಳ ಹೆಚ್ಚು ಹೊತ್ತಿದ್ದವು. ಸೇರಿಸಿದ್ದ ಪಟ್ಟಿ ಬಿಚ್ಚಿ, ಮತ್ತೆ ತೂಗಿ, ಸಣ್ಣ ಸಣ್ಣ ತಗಡು ಕೊಟ್ಟು, ಮತ್ತೆ ತೂಗಿ, ದೀಪ ಹಚ್ಚುವ ಹೊತ್ತಿಗೆ ಎಡ ಬಲ ಹೆಚ್ಚು ಕಡಿಮೆ ಒಂದಾದವು. ಅಪ್ಪಾಜಿ ಕ್ಷಮಿಸು ಅನ್ನಲಿಲ್ಲ. ಆ ಕಾಲದ ಅಣ್ಣಂದಿರಿಗೆ ಆ ರೂಢಿ ಇರಲಿಲ್ಲ. ಬಿಚ್ಚಿದ ಪಟ್ಟಿಯನ್ನು ಹಿಡಿದುಕೊಂಡು, ಒರೆಸಲು ಏನೂ ಇಲ್ಲದಿದ್ದರೂ ಒರೆಸುತ್ತಾ ಕೂತಿದ್ದರು. ಊಟಕ್ಕೆ ಕೂತಾಗ ತಮ್ಮ ರೊಟ್ಟಿಯ ಮೇಲಿನ ಬೆಣ್ಣೆಯನ್ನು ಎತ್ತಿ, ನನ್ನ ತಟ್ಟೆಯನ್ನು ದಾಟಿಸಿ, ತಮ್ಮನ ತಟ್ಟೆಗೆ ಹಾಕಿದರು.

ಆದರೆ ಓಡಿಸಿ ನೋಡಲು ಸಮಯ ಇರಲಿಲ್ಲ. ನಿಂತ ಕಾರು ಸರಿಯಾಗಿತ್ತು; ಓಡುವ ಕಾರು ಸರಿಯಾಗಿದೆಯೋ ಇಲ್ಲವೋ ಅನ್ನುವುದನ್ನು ಆ ಎಡ ತಿರುವೇ ಹೇಳಬೇಕಿತ್ತು. ಬೆಳಿಗ್ಗೆ ಚಿಕ್ಕಪ್ಪ ನಾಲ್ಕೂ ನಿಂಬೆಹಣ್ಣುಗಳ ಮೇಲೆ ಹತ್ತಿಸಿಕೊಂಡು ಸ್ಟೋರಿನಿಂದ ಹೊರಟ. ಅಪ್ಪಾಜಿ ಹಿಂದೆ ಹೋದರು. ಅವ್ವ ಬರುವುದಿಲ್ಲ ಅಂದಳು, ನಾನು ಅವಳ ಜೊತೆ ಉಳಿದೆ. ಕಾರುಗಳನ್ನು ಒಂದೊಂದಾಗಿ ಬಿಡುತ್ತಿದ್ದರು. ಅಡುಗೆಮನೆಯ ಕಿಟಕಿಗೆ ಎದುರು ಗುಡ್ಡ ಕಾಣುತ್ತಿತ್ತು, ರಸ್ತೆ ಮರಗಳೊಳಗೆ ಮರೆಯಾಗಿ ಸದ್ದು ಮಾತ್ರ ಬರುತ್ತಿತ್ತು. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಒಂದು ಸದ್ದು ಹತ್ತಿ ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಸೈಲೆನ್ಸರ್ ಇಲ್ಲದ ನಮ್ಮ ಕಾರಿನ ಒರಟು ಕೂಗು. ಅವ್ವನ ಕೈ ನಿಂತಿತು. ಕೂಗು ಕೆಳಗಿನ ಬಲ ತಿರುವನ್ನು ದಾಟಿತು, ಏರಿತು, ಎಡ ತಿರುವಿಗೆ ಮೊದಲು ತಗ್ಗಿತು. ಹಿಂದಿನ ವರ್ಷ ಹೀಗೇ ತಗ್ಗಿತ್ತು, ಮತ್ತೆ ಏಳಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು.

"ಅವ್ವ, ರೊಟ್ಟಿ ಸೀಯ್ತಾ ಐತೆ."

"ಶ್!"

ಗುಡ್ಡದಲ್ಲಿ ಸದ್ದೇ ಇಲ್ಲ. ಅವ್ವ ಒಂದು ಕೈಯಿಂದ ಕಿಟಕಿಯ ಸರಳು ಹಿಡಿದಿದ್ದಳು, ಇನ್ನೊಂದು ಕೈಯಿಂದ ನನ್ನ ಜಡೆ. ಅದು ಜಡೆ ಅಂತ ಅವಳಿಗೆ ಗೊತ್ತಿರಲಿಲ್ಲ. ನೋವಾದರೂ ನಾನು ಸುಮ್ಮನಿದ್ದೆ. ಆಮೇಲೆ ಮರಗಳ ಒಳಗಿನಿಂದ, ಮೊದಲು ಕೆಮ್ಮಿದ ಹಾಗೆ, ಆಮೇಲೆ ಒಂದೇ ಸಮನೆ, ಕೂಗು ಮೇಲೆದ್ದಿತು. ಮುಂದಿನ ತಿರುವು, ಅದರ ಮುಂದಿನದು, ನೆತ್ತಿ. ಅವ್ವ ನನ್ನ ಜಡೆ ಬಿಟ್ಟು, ಹೆಂಚಿನಿಂದ ಆ ಕರಿ ರೊಟ್ಟಿಯನ್ನು ಎಬ್ಬಿಸಿ, ಎಸೆಯದೆ, ನಿಂತುಕೊಂಡೇ ಮುರಿದು ಮುರಿದು ತಿಂದಳು.

ಅಣ್ಣ ತಮ್ಮ ಒಂದೇ ಸೀಟಿನಲ್ಲಿ ಇಕ್ಕಟ್ಟಾಗಿ ಕೂತು, ಇಬ್ಬರೂ ಒಟ್ಟಿಗೇ ಮಾತಾಡುತ್ತಾ ಮನೆಗೆ ಬಂದರು. ಎಷ್ಟನೆಯವನಾಗಿ ಬಂದೆ ಅಂತ ಅವ್ವ ಕೇಳಲಿಲ್ಲ. ಅವರಾಗಿ ಹೇಳಿದಾಗಲೂ ಕೇಳಿಸಿಕೊಳ್ಳಲಿಲ್ಲ. ಚಿಕ್ಕಪ್ಪನ ಅಂಗಿಯ ಕೊರಳು ಸರಿಸಿ ಭುಜ ಮುಟ್ಟಿ ನೋಡಿ, ಸ್ನಾನಕ್ಕೆ ನೀರು ತೋಡಲು ಹೋದಳು. ಆಮೇಲಿನ ಬದುಕಿನಲ್ಲಿ, ಯಾರೇ ಎಷ್ಟೇ ಖಚಿತವಾಗಿ ಹೇಳಿದರೂ, ಅವರು ಯಾವ ನೆಲದ ಮೇಲೆ ನಿಂತು ಹೇಳುತ್ತಿದ್ದಾರೆ ಅಂತ ಬಗ್ಗಿ ನೋಡುವ ಚಾಳಿ ನನಗೆ ಅಂಟಿಕೊಂಡಿತು. ಅತ್ತೆಮನೆಯಲ್ಲಿ ಅದರಿಂದ ಒಳ್ಳೆಯ ಹೆಸರೇನೂ ಬರಲಿಲ್ಲ.

ಆ ಚಾಳಿಯನ್ನು ಮೊದಲು ಪ್ರಯೋಗಿಸಿದ್ದು ಅವ್ವನ ಮೇಲೆಯೇ. ಅವತ್ತು ಸಂಜೆ ಕಣದಲ್ಲಿ ನಾವಿಬ್ಬರೂ ಒಣಗಿದ ಕಾಫಿಯನ್ನು ಗುಡ್ಡೆ ಮಾಡುತ್ತಿದ್ದೆವು. ಖಾಲಿಯಾಗಿದ್ದ ಮೋರಿಯ ಮೂಲೆಯನ್ನು ನೋಡಿ ನಾನು ದೊಡ್ಡವರ ಗತ್ತಿನಲ್ಲಿ ಕೇಳಿದೆ.

"ಅವ್ವ, ಮೂಲೆ ತಗ್ಗೈತೆ ಅಂತ ನಿಂಗೆ ಮೊದ್ಲಿಂದ್ಲೂ ಗೊತ್ತಿತ್ತಲ್ಲ. ಹೋದ ವರ್ಷಾನೇ ಒಂದು ಮಾತು ಅಂದಿದ್ರೆ ಚಿಕ್ಕಪ್ಪನ ಭುಜ ಉಳೀತಿರ್ಲಿಲ್ವಾ?"

ಅವ್ವ ಕೈಯಲ್ಲಿದ್ದ ಕಾಫಿಯನ್ನು ಗುಡ್ಡೆಗೆ ಸುರಿದು, ತಲೆ ಎತ್ತದೆಯೇ ಅಂದಳು:

"ದಿನಾ ಆ ಮೂಲೇಲೇ ನಿಂತು ಲೈನ್ ಹುಡುಗ್ರ ಗೋಲಿ ಎಲ್ಲ ಬಾಚ್ಕೊಂತಿದ್ದೋಳು ನೀನು. ನೀನ್ಯಾರಿಗೇ ಹೇಳಿದ್ದೆ?"